ಚೀನೀ ಪಿಂಗಾಣಿ: ಮುದ್ರೆ ಆಮೇಲೆ, ಮೊದಲು ತಳ ನೋಡಿ

ಈ ವಾರ ಉತ್ತರ ಕೊಡುತ್ತಿರುವವರು ಹರಾಜು ಸಂಸ್ಥೆಗಳಿಗೆ ಪಿಂಗಾಣಿ ಕೆಟಲಾಗ್ ಬರೆದುಕೊಡುವ ನಮ್ಮ ಗುಂಪಿನ ಸದಸ್ಯೆ.

ಪ್ರಶ್ನೆ (ಹಾಂಗ್‌ಕಾಂಗ್‌ನಲ್ಲಿರುವ ಸದಸ್ಯ):
ಮೇಡಂ, ನಮಸ್ಕಾರ. ನನ್ನೂರು ಶಿವಮೊಗ್ಗ, ಕೆಲಸದ ಮೇಲೆ ಇಲ್ಲಿದ್ದೇನೆ. ಹಾಲಿವುಡ್ ರೋಡ್ ಹತ್ತಿರದ ಒಂದು ಅಂಗಡಿಯಲ್ಲಿ ನೀಲಿ-ಬಿಳಿ ಬಟ್ಟಲು ನೋಡಿದೆ. ಜಿಂಕೆ, ಪೈನ್ ಮರದ ಚಿತ್ರ ಇದೆ. ತಳದಲ್ಲಿ ಆರು ಅಕ್ಷರದ ಮುದ್ರೆ, ಸುತ್ತ ಎರಡು ನೀಲಿ ಗೆರೆ. ಅಂಗಡಿಯವನು "ಮಿಂಗ್ ಕಾಲದ್ದು, ಚೆಂಗ್‌ಹ್ವಾ, ಐನೂರು ವರ್ಷ ಹಳೆಯದು" ಅಂತಾನೆ. 18,000 ಹಾಂಗ್‌ಕಾಂಗ್ ಡಾಲರ್ ಹೇಳಿ ಆಮೇಲೆ 12,000ಕ್ಕೆ ಇಳಿದ. ಮುದ್ರೆಯನ್ನು ಮೊಬೈಲ್ ಆ್ಯಪ್‌ನಲ್ಲಿ ಓದಿಸಿದೆ. ಚೆಂಗ್‌ಹ್ವಾ ಅಂತಲೇ ಬಂತು. ತಗೋಬಹುದಾ?

ಉತ್ತರ:
ನಮಸ್ಕಾರ ಸರ್. ಅವನು ಹೇಳಿದ ಬೆಲೆಯಲ್ಲೇ ಅರ್ಧ ಉತ್ತರ ಇದೆ. ಮಿಂಗ್ ವಂಶದ ಚೆಂಗ್‌ಹ್ವಾ ಚಕ್ರವರ್ತಿಯ ಆಳ್ವಿಕೆ 1465ರಿಂದ 1487. ಆ ಕಾಲದ್ದೇ ಆದ, ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಕೋಳಿ ಚಿತ್ರದ ಬಟ್ಟಲೊಂದು 2014ರಲ್ಲಿ ನೀವಿರುವ ಊರಲ್ಲೇ ಹರಾಜಾಯಿತು. 28 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಜಾಸ್ತಿ ಹೋಯಿತು. ಕೊಂಡ ಶ್ರೀಮಂತರು ಅದರಲ್ಲೇ ಚಹಾ ಕುಡಿದು ಫೋಟೊ ತೆಗೆಸಿಕೊಂಡರು, ಅದು ಬೇರೆ ಮಾತು. ಚೆಂಗ್‌ಹ್ವಾ ಬಟ್ಟಲನ್ನು 12,000ಕ್ಕೆ ಯಾರೂ ಕೊಡುವುದಿಲ್ಲ ಸರ್.

ಹಾಗಂತ ಬಟ್ಟಲು ಕೆಲಸಕ್ಕೆ ಬಾರದ್ದು ಎಂದಲ್ಲ. ಆ್ಯಪ್ ಮುದ್ರೆಯನ್ನು ಸರಿಯಾಗಿಯೇ ಓದಿದೆ. ಬಲಗಡೆಯ ಸಾಲಿನಿಂದ, ಮೇಲಿಂದ ಕೆಳಕ್ಕೆ ಓದಿದರೆ "ಮಹಾ ಮಿಂಗ್, ಚೆಂಗ್‌ಹ್ವಾ, ಕಾಲದಲ್ಲಿ ಮಾಡಿದ್ದು" ಎಂದಾಗುತ್ತದೆ. ಆದರೆ ಚೀನಾದಲ್ಲಿ ಹಳೆಯ ದೊರೆಯ ಹೆಸರು ಬರೆಯುವುದು ಬಹಳ ಕಾಲದ ಅಭ್ಯಾಸ. ಎಲ್ಲವೂ ಮೋಸವಲ್ಲ. ಎಷ್ಟೋ ಸಲ ಅದು ಹಳಬರಿಗೆ ತೋರಿದ ಗೌರವ. ಕಾಂಗ್ಷಿ ಚಕ್ರವರ್ತಿಯ ಆಳ್ವಿಕೆಯಲ್ಲಿ, ಅಂದರೆ 1662ರಿಂದ 1722ರ ನಡುವೆ, ಪಿಂಗಾಣಿಗೆ ಹೆಸರಾದ ಜಿಂಗ್‌ಡೆಜೆನ್ ಊರಿನ ಕುಂಬಾರರು ಚೆಂಗ್‌ಹ್ವಾ ಹೆಸರನ್ನೂ ಇನ್ನೊಬ್ಬ ಮಿಂಗ್ ದೊರೆ ಷ್ವಾಂಡೆಯ ಹೆಸರನ್ನೂ ಧಾರಾಳವಾಗಿ ಬರೆದರು. 1677ರಲ್ಲಿ ಅಲ್ಲಿನ ಅಧಿಕಾರಿಯೊಬ್ಬ ಆಗಿನ ದೊರೆಯ ಹೆಸರನ್ನು ಪಾತ್ರೆಯ ಮೇಲೆ ಬರೆಯಬಾರದು ಎಂದು ಕಟ್ಟಪ್ಪಣೆ ಮಾಡಿದ. ಒಡೆದರೆ ಕಸದ ಗುಂಡಿಯಲ್ಲಿ ದೊರೆಯ ಹೆಸರು ಬೀಳುತ್ತದಲ್ಲ! ಅದಕ್ಕೇ ಆ ಕಾಲದ ಎಷ್ಟೋ ತಟ್ಟೆಗಳ ತಳದಲ್ಲಿ ಬರೀ ಎರಡು ಗೆರೆಯ ಖಾಲಿ ವೃತ್ತ ಇರುತ್ತದೆ. ಇಲ್ಲವೇ ಒಂದು ಎಲೆ, ಒಂದು ಹೂವು. ಮತ್ತೆ 19ನೇ ಶತಮಾನದ ಕೊನೆಗೆ, ಗುವಾಂಗ್ಷು ಕಾಲದಲ್ಲಿ, ಕಾಂಗ್ಷಿ ಹೆಸರನ್ನೇ ನಾಲ್ಕಕ್ಷರದಲ್ಲಿ ಬರೆದ ಜಾಡಿಗಳು ಹಡಗುಗಟ್ಟಲೆ ಹೊರಗೆ ಹೋದವು. ಗ್ಲೇಜ್, ಅಂದರೆ ಮೇಲಿನ ಗಾಜಿನಂಥ ಲೇಪ, ತುಂಬಾ ಸೀಳು ಸೀಳಾಗಿದ್ದು, ಮೇಲೆ ಯುದ್ಧದ ಚಿತ್ರ, ತಳದಲ್ಲಿ ಕಂದು ಚೌಕದೊಳಗೆ ಚೆಂಗ್‌ಹ್ವಾ ಎಂದಿರುವ ಹೂದಾನಿಗಳನ್ನು ನೀವು ಅಲ್ಲಿ ಅಂಗಡಿಗೊಂದರಂತೆ ನೋಡಿರುತ್ತೀರಿ. ಅವೂ ಗುವಾಂಗ್ಷು ಕಾಲದವು, ಇಲ್ಲವೇ ಆಮೇಲಿನವು.

ಹಾಗಾಗಿ "ಅಸಲಿಯೋ ನಕಲಿಯೋ" ಎಂದು ಕೇಳಬೇಡಿ. "ಯಾವಾಗ ಮಾಡಿದ್ದು" ಎಂದು ಕೇಳಿ. ನಿಮ್ಮ ಬಟ್ಟಲು ಕಾಂಗ್ಷಿ ಕಾಲದ್ದಿರಬಹುದು, ಗುವಾಂಗ್ಷು ಕಾಲದ್ದಿರಬಹುದು, ಹೋದ ತಿಂಗಳು ಭಟ್ಟಿಯಿಂದ ಇಳಿದದ್ದೂ ಇರಬಹುದು. ಮುದ್ರೆ ಮೂರರಲ್ಲೂ ಒಂದೇ.

ಪ್ರಶ್ನೆ (ಅದೇ ಸದಸ್ಯ):
ಮುದ್ರೆ ಬಿಟ್ಟರೆ ಇನ್ನೇನು ನೋಡಲಿ ಮೇಡಂ? ನನಗೆ ಬೇರೇನೂ ಗೊತ್ತಿಲ್ಲ.

ಉತ್ತರ:
ತಳದ ಅಂಚು. ಬಟ್ಟಲು ಮೇಜಿನ ಮೇಲೆ ನಿಲ್ಲುವ ಆ ಉಂಗುರ. ಭಟ್ಟಿಯಲ್ಲಿ ಅಂಟಿಕೊಳ್ಳಬಾರದೆಂದು ಅಲ್ಲಿ ಗ್ಲೇಜ್ ಒರೆಸಿರುತ್ತಾರೆ. ಹಾಗಾಗಿ ಒಳಗಿನ ಮಣ್ಣು ಬೆತ್ತಲೆ ಕಾಣುವ ಜಾಗ ಅದೊಂದೇ. ನಾನು ಕೆಟಲಾಗ್ ಬರೆಯುವಾಗ ಚಿತ್ರ ನೋಡುವ ಮುಂಚೆ ಅದನ್ನೇ ನೋಡುತ್ತೇನೆ.

ಅಂಗಡಿಯವನನ್ನು ಕೇಳಿ, ಉಂಗುರ-ಗಡಿಯಾರ ಬಿಚ್ಚಿಡಿ, ಮೇಜಿನ ಮೇಲೆ ಬಟ್ಟೆ ಹಾಸಿ, ಎರಡು ಕೈಯಲ್ಲಿ ಹಿಡಿದು ಮಗುಚಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದು ಇರಲಿ, ಒಡವೆ ಅಂಗಡಿಯವರು ಇಟ್ಟುಕೊಳ್ಳುತ್ತಾರಲ್ಲ, ಅದೇ.

ಮೊದಲು ಬೆರಳು ಆಡಿಸಿ. ಕಾಂಗ್ಷಿ ಕಾಲದ ಒಳ್ಳೆಯ ಪಾತ್ರೆಯ ಮಣ್ಣು ತುಂಬಾ ನುಣುಪು, ಬಿಳಿ, ಒತ್ತಾಗಿರುತ್ತದೆ. ಅಂಚನ್ನು ನೀಟಾಗಿ ಕೆತ್ತಿ ದುಂಡಗೆ ಮಾಡಿರುತ್ತಾರೆ. ಮಿಂಗ್ ಕೊನೆಗಾಲದ ರಫ್ತು ಮಾಲಿನಲ್ಲಿ ಹಾಗಲ್ಲ. ಕತ್ತಿಯಿಂದ ಕೆತ್ತಿದ ಗೀರು ನಡುವಿನಿಂದ ಹೊರಗೆ ಹರಡಿದ ಹಾಗೆ ಕಾಣುತ್ತದೆ, ಭಟ್ಟಿಯ ಮರಳು ಅಲ್ಲಲ್ಲಿ ಅಂಟಿರುತ್ತದೆ. ಫುಜಿಯಾನ್ ಪ್ರಾಂತ್ಯದ ಝಾಂಗ್‌ಝೌ ತಟ್ಟೆಗಳಲ್ಲಂತೂ ಮರಳು ಕೈಗೆ ಚುಚ್ಚುತ್ತದೆ. ಹೊಸ ಮಾಲಿನ ಅಂಚು ಸಾಮಾನ್ಯವಾಗಿ ಸೀಮೆಸುಣ್ಣದ ಹಾಗೆ ಒಣಒಣ, ತೀರಾ ಬಿಳಿ.

ಈಗ ಲೂಪ್ ಇಟ್ಟು ಗ್ಲೇಜ್ ಮುಗಿದು ಮಣ್ಣು ಶುರುವಾಗುವ ಗೆರೆ ನೋಡಿ. ಹಳೆಯ ಪಾತ್ರೆಗಳಲ್ಲಿ ಅಲ್ಲೊಂದು ಕಿತ್ತಳೆ-ಕಂದು ಬಣ್ಣದ ಸಣ್ಣ ಎಳೆ ಇರುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಭಟ್ಟಿಯಲ್ಲಿ ಗಾಳಿ ತಾಗಿ ಹಾಗಾಗುವುದು. ಅದು ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ನಕಲಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಬಣ್ಣ ಬಳಿಯುತ್ತಾರೆ. ಬಳಿದದ್ದು ಸುತ್ತಲೂ ಒಂದೇ ಸಮ ಇರುತ್ತದೆ, ಮಣ್ಣಿನ ಮೇಲೆ ಕೂತ ಹಾಗೆ ಕಾಣುತ್ತದೆ.

ಆಮೇಲೆ ಸವೆತ. ನೂರಾರು ವರ್ಷ ಮೇಜಿನ ಮೇಲೆ ಎಳೆದಾಡಿದ ಬಟ್ಟಲಿನ ಗೀರುಗಳು ದಿಕ್ಕಾಪಾಲು. ಕೆಲವು ಆಳ, ಕೆಲವು ತೇಲಿದ್ದು. ಮರಳು ಕಾಗದ ಉಜ್ಜಿದರೆ ಎಲ್ಲ ಗೀರೂ ಒಂದೇ ಕಡೆ ಓಡುತ್ತವೆ. ಹೊಳಪು ತೆಗೆಯಲು ಆಸಿಡ್ ಹಾಕಿದರೆ ಕೈ ಮುಟ್ಟದ ಮೂಲೆಯೂ ಮಂಕಾಗಿಬಿಡುತ್ತದೆ. ತಳದ ಒಳಗಡೆ, ಮುದ್ರೆಯ ಪಕ್ಕ, ಸವೆಯಲು ಕಾರಣವೇ ಇಲ್ಲದ ಜಾಗ ಮಂಕಾಗಿದ್ದರೆ ಅಲ್ಲಿಗೇ ಕೆಳಗಿಡಿ. ಕೊಳೆಯೂ ಹಾಗೇ. ಚಹಾ ಡಿಕಾಕ್ಷನ್ ಬಳಿದು, ಮಣ್ಣಲ್ಲಿ ಹೂತು ತಂದ ಕೊಳೆ ಬಿಸಿನೀರಿನ ಹತ್ತಿಗೆ ಬಂದುಬಿಡುತ್ತದೆ. ಆದರೆ ಗ್ಲೇಜ್ ಮೇಲೆ ಬಣ್ಣ, ಚಿನ್ನ ಇರುವ ಪಾತ್ರೆಯ ಮೇಲೆ ಉಜ್ಜಲು ಹೋಗಬೇಡಿ.

ಚಿತ್ರದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಹದಿನೈದನೇ ಶತಮಾನದ ಮೊದಲ ಭಾಗದಲ್ಲಿ ನೀಲಿ ಬಣ್ಣಕ್ಕೆ ಇರಾನ್ ಕಡೆಯಿಂದ ಬಂದ ಕೋಬಾಲ್ಟ್ ಎಂಬ ಖನಿಜ ಬಳಸುತ್ತಿದ್ದರು. ಅದರಲ್ಲಿ ಕಬ್ಬಿಣ ಜಾಸ್ತಿ. ಹಾಗಾಗಿ ನೀಲಿ ಅಲ್ಲಲ್ಲಿ ಮಡುಗಟ್ಟಿ ಕಪ್ಪು ಚುಕ್ಕೆಯಾಗಿ ಗ್ಲೇಜ್‌ನೊಳಗೆ ಇಳಿದಿರುತ್ತದೆ. ಹದಿನೆಂಟನೇ ಶತಮಾನದವರು ಅದನ್ನು ಕುಂಚದಿಂದ ಚುಕ್ಕೆ ಇಟ್ಟು ಅನುಕರಿಸಿದರು. ಎರಡನ್ನೂ ಅಕ್ಕಪಕ್ಕ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಾಂಗ್ಷಿ ನೀಲಿ ಸ್ವಚ್ಛ, ತಿಳಿಯಿಂದ ಗಾಢದವರೆಗೆ ಪದರ ಪದರ. ಗುವಾಂಗ್ಷು ಕಾಲದ ಸಾಧಾರಣ ಮಾಲಿನಲ್ಲಿ ನೀಲಿ ಚಪ್ಪಟೆ, ಎಷ್ಟೋ ಸಲ ಸ್ವಲ್ಪ ನೇರಳೆ ಕಡೆಗೆ. ಲೂಪ್‌ನಲ್ಲಿ ಪತ್ರಿಕೆಯ ಫೋಟೊದಂತೆ ಒಂದೇ ಸಮನಾದ ಚುಕ್ಕೆಗಳು ಕಂಡರೆ ಅದು ಅಚ್ಚು, ಕೈಚಿತ್ರವಲ್ಲ.

ಪ್ರಶ್ನೆ (ಮಂಗಳೂರು):
ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ಟಣ್ ಅಂದರೆ ಅಸಲಿ ಅಂತಾರಲ್ವಾ?

ಉತ್ತರ:
ಬಿರುಕಿಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಮೊನ್ನೆ ಮಾಡಿದ್ದು ಇನ್ನೂ ಚೆನ್ನಾಗಿ ಟಣ್ ಅನ್ನುತ್ತದೆ.

ಪ್ರಶ್ನೆ (ಬೆಂಗಳೂರು):
ಮೇಡಂ, ನಾನು ಆನ್‌ಲೈನ್ ಹರಾಜಿನಲ್ಲಿ ಗುಲಾಬಿ ಹೂವಿನ ಒಂದು ಹೂದಾನಿ ನೋಡಿಟ್ಟಿದ್ದೇನೆ. "ಮಿಂಗ್" ಅಂತ ಬರೆದಿದ್ದಾರೆ. ಜೊತೆಗೆ ಲ್ಯಾಬ್ ಸರ್ಟಿಫಿಕೇಟ್ ಇದೆ, ಥರ್ಮೊಲ್ಯೂಮಿನಿಸೆನ್ಸ್ ಪರೀಕ್ಷೆಯದ್ದು. ಲ್ಯಾಬ್ ಹೇಳಿದ ಮೇಲೆ ನಂಬಬಹುದಲ್ವಾ?

ಉತ್ತರ:
ಹೂವು ನಿಜವಾಗಿ ಗುಲಾಬಿ ಬಣ್ಣದ್ದೇ ಆಗಿದ್ದರೆ ಲ್ಯಾಬ್ ತನಕ ಹೋಗುವುದೇ ಬೇಡಮ್ಮ. ಚಿನ್ನದಿಂದ ಮಾಡುವ ಆ ಅಪಾರದರ್ಶಕ ಗುಲಾಬಿ ಬಣ್ಣ ಚೀನೀ ಪಿಂಗಾಣಿಗೆ ಬಂದದ್ದು 1720ರ ಆಸುಪಾಸು. ಮಿಂಗ್ ವಂಶ 1644ಕ್ಕೇ ಮುಗಿದಿತ್ತು. ಹತ್ತು ಲಕ್ಷಣ ಹೊಂದಿದರೂ ಇಂಥ ಒಂದು ಹೊಂದದಿದ್ದರೆ ಅಲ್ಲಿಗೆ ಮುಗಿಯಿತು. ಮಾರುವವರು ಇದನ್ನು ತಿರುಗಿಸಿ ಹೇಳುತ್ತಾರೆ, ಹತ್ತರಲ್ಲಿ ಒಂಬತ್ತು ಸರಿಯಿದೆಯಲ್ಲ ಅಂತ.

ಸರ್ಟಿಫಿಕೇಟ್ ಬಗ್ಗೆ: ಆ ಪರೀಕ್ಷೆ ಅಳೆಯುವುದು ಮಣ್ಣು ಕೊನೆಯ ಸಲ ಬೆಂಕಿ ಕಂಡು ಎಷ್ಟು ಕಾಲವಾಯಿತು ಎಂಬುದನ್ನು. ಅದಕ್ಕೆ ಪಾತ್ರೆಯಿಂದ ಸಣ್ಣ ಚೂರು ಕೊರೆದು ತೆಗೆಯಲೇಬೇಕು. ಹಾಗಾಗಿ ಮೊದಲು ಕೊರೆದ ತೂತಿನ ಫೋಟೊ ಕೇಳಿ. ಸರ್ಟಿಫಿಕೇಟಿನ ಚಿತ್ರದಲ್ಲಿರುವ ಪಾತ್ರೆಯೂ ನಿಮ್ಮ ಕೈಗೆ ಬರುವ ಪಾತ್ರೆಯೂ ಒಂದೇನಾ ನೋಡಿ. ಇನ್ನೊಂದು ಹಳೆಯ ಕೈಚಳಕ ಇದೆ. ಒಡೆದ ಹಳೆಯ ಬಟ್ಟಲಿನ ತಳವನ್ನು ಹೊಸ ಮೈಗೆ ಕೂರಿಸುತ್ತಾರೆ. ಚೂರು ತೆಗೆದದ್ದು ತಳದಿಂದ ಮಾತ್ರ ಆದರೆ ಲ್ಯಾಬ್ ಸುಳ್ಳು ಹೇಳಿಲ್ಲ, ಆದರೂ ನೀವು ಮೋಸ ಹೋದಿರಿ. ವಿಕಿರಣ ಹಾಯಿಸಿ ಪರೀಕ್ಷೆಗೇ ಮಂಕುಬೂದಿ ಎರಚುವವರೂ ಇದ್ದಾರೆ. ಅದು ಬಿಡಿ. ಪರೀಕ್ಷೆ ಸರಿಯಾಗಿ ನಡೆದರೂ ಹಳೆಯದೋ ಹೊಸದೋ ಎನ್ನಲು ಸಾಕು. ಕಾಂಗ್ಷಿಯೋ ಅವನ ಮಗನ ಕಾಲದ್ದೋ ಎನ್ನುವಷ್ಟು ಸೂಕ್ಷ್ಮಕ್ಕೆ ಆಗುವುದಿಲ್ಲ. ಬೆಲೆಯ ವ್ಯತ್ಯಾಸ ಇರುವುದು ಅಂಥ ಕಡೆಯೇ.

ಆನ್‌ಲೈನ್‌ನಲ್ಲಿ ತಳದ ಅಂಚಿನ ಹತ್ತಿರದ ಫೋಟೊ, ಬಾಯಿಯ ಒಳಗಿನ ಫೋಟೊ, ಎತ್ತರ ಮತ್ತು ತೂಕ ಕೇಳಿ. ನೇರಳಾತೀತ ದೀಪದಲ್ಲಿ ತೆಗೆದದ್ದೂ ಬೇಕೆನ್ನಿ. ಒಡೆದು ಅಂಟಿಸಿ ಬಣ್ಣ ಬಳಿದ ಜಾಗ ಅದರಲ್ಲಿ ಬೇರೆಯಾಗಿ ಹೊಳೆಯುತ್ತದೆ. ಕೊಡಲು ಸತಾಯಿಸಿದರೆ ಬಿಟ್ಟುಬಿಡಿ.

ಪ್ರಶ್ನೆ (ಉಡುಪಿ):
ಅಜ್ಜಿಯ ಮನೆಯಲ್ಲಿ ಉಪ್ಪಿನಕಾಯಿ ಹಾಕುವ ಕಂದು-ಬಿಳಿ ಭರಣಿ ಇದೆ. ಚೀನಾ ಭರಣಿ ಅಂತಲೇ ಕರೆಯುತ್ತಿದ್ದರು. ಬೆಲೆ ಬಾಳುತ್ತದಾ?

ಉತ್ತರ:
ಹೆಸರಿಗೆ ಚೀನಾ, ಅಷ್ಟೇ. ಅಂಥ ಕಂದು-ಬಿಳಿ ಭರಣಿಗಳಲ್ಲಿ ಬಹುಪಾಲು ನಮ್ಮ ದೇಶದಲ್ಲೇ ಆದವು. ಮಣ್ಣೂ ಪಿಂಗಾಣಿಯದ್ದಲ್ಲ, ಅದಕ್ಕಿಂತ ಒರಟು. ಉಪ್ಪಿನಕಾಯಿ ಹಾಕಿ ಬಳಸಿ. ಚೀನೀ ಪಿಂಗಾಣಿ ನಮ್ಮ ಕಡೆ ಬಂದೇ ಇಲ್ಲ ಎಂದಲ್ಲ. ಹಂಪಿಯ ಅಗೆತದಲ್ಲಿ ಅದರ ಚೂರುಗಳು ಸಿಕ್ಕಿವೆ. ಕೊಚ್ಚಿಯ ಪರದೇಶಿ ಯಹೂದಿ ಮಂದಿರದ ನೆಲಕ್ಕೆ ಹಾಸಿರುವುದು ಹದಿನೆಂಟನೇ ಶತಮಾನದ ಚೀನೀ ನೀಲಿ-ಬಿಳಿ ಹಂಚು.

ಮನೆಯಲ್ಲಿ ತಟ್ಟೆ, ಟೀ ಸೆಟ್ ಇದ್ದರೆ ಹಿಂದೆ ಇಂಗ್ಲಿಷ್ ಅಕ್ಷರ ಇದೆಯಾ ನೋಡಿ. ಅಮೆರಿಕದ 1890ರ ಸುಂಕದ ಕಾನೂನು ಬಂದ ಮೇಲೆ, 1891ರಿಂದ, ರಫ್ತು ಮಾಲಿನ ಮೇಲೆ ದೇಶದ ಹೆಸರು ಹಾಕತೊಡಗಿದರು. "ಚೈನಾ" ಎಂದು ಇಂಗ್ಲಿಷಿನಲ್ಲಿ ಇದ್ದರೆ ಅದಕ್ಕಿಂತ ಹಳೆಯದಾಗುವುದು ಕಷ್ಟ. "ಮೇಡ್ ಇನ್ ಚೈನಾ" ಎಂದಿದ್ದರೆ ಇನ್ನೂ ಈಚಿನದು.

ಪ್ರಶ್ನೆ (ಹಾಂಗ್‌ಕಾಂಗ್ ಸದಸ್ಯ ಮತ್ತೆ):
ಮೇಡಂ, ಲೂಪ್ ತಗೊಂಡು ಹೋಗಿದ್ದೆ. ತಳದ ಅಂಚು ಸುಮಾರಾಗಿ ನುಣುಪು, ಆದರೆ ಬೂದು ಬಿಳಿ. ಕಿತ್ತಳೆ ಎಳೆ ಅರ್ಧ ಸುತ್ತಿನಲ್ಲಿದೆ, ಉಳಿದರ್ಧ ಇಲ್ಲ. ಒಳಗೆ ಗೀರುಗಳು ದಿಕ್ಕುದೆಸೆ ಇಲ್ಲದೆ ಇವೆ. ಮುದ್ರೆಯ ಅಕ್ಷರ ಗಡಿಬಿಡಿಯಲ್ಲಿ ಬರೆದ ಹಾಗಿದೆ. ನೀಲಿ ಸ್ವಲ್ಪ ನೇರಳೆ, ಜಿಂಕೆಯ ಮೈಗೆ ಒಂದೇ ಬಣ್ಣ ತುಂಬಿದ್ದಾರೆ. ಬಾಯಿಯಿಂದ ಕೆಳಕ್ಕೆ ಎರಡಿಂಚು ಕೂದಲೆಳೆ ಬಿರುಕು ಇದೆ. ಅವನು ಅದನ್ನು ಹೇಳಿರಲಿಲ್ಲ.

ಉತ್ತರ:
ಚೆನ್ನಾಗಿ ನೋಡಿದ್ದೀರಿ ಸರ್. ನೀವು ಹೇಳಿದ್ದರ ಮೇಲೆ ಇದು ಹೊಸ ಮಾಲಿನ ಹಾಗೆ ಕಾಣುತ್ತಿಲ್ಲ. ಕಾಂಗ್ಷಿಯೂ ಅಲ್ಲ, ಆ ನೀಲಿ, ಆ ಕೈಬರಹ ಅಲ್ಲಿಗೆ ಹೋಗುವುದಿಲ್ಲ. 19ನೇ ಶತಮಾನದ ಕೊನೆ ಅಥವಾ 20ನೆಯದರ ಆರಂಭ ಎನ್ನುತ್ತೇನೆ. ಮನೆಯಲ್ಲಿಡಲು ಒಳ್ಳೆಯ ಬಟ್ಟಲೇ. ಆದರೆ ಐನೂರು ವರ್ಷದ ಬೆಲೆ ಕೊಡಬೇಡಿ, ಬಿರುಕಿಗೆ ಇನ್ನೂ ಇಳಿಸಿ.

ಅವಸರವಿಲ್ಲದಿದ್ದರೆ ಒಂದು ಮಾತು. ಹಾಂಗ್‌ಕಾಂಗ್‌ನಲ್ಲಿ ವಸಂತ ಮತ್ತು ಶರತ್ಕಾಲದಲ್ಲಿ ದೊಡ್ಡ ಹರಾಜುಗಳು ನಡೆಯುತ್ತವೆ. ಅದಕ್ಕೂ ಮುಂಚೆ ಕೆಲವು ದಿನ ಮಾಲನ್ನು ನೋಡಲು ಇಟ್ಟಿರುತ್ತಾರೆ. ಯಾರು ಬೇಕಾದರೂ ಹೋಗಬಹುದು, ಕೇಳಿದರೆ ಕೈಗೂ ಕೊಡುತ್ತಾರೆ. ಒಂದು ನಿಜವಾದ ಕಾಂಗ್ಷಿ ತಟ್ಟೆಯನ್ನು ಮಗುಚಿ ನೋಡಿ ಬನ್ನಿ, ನನ್ನ ಇಷ್ಟುದ್ದದ ಉತ್ತರಕ್ಕಿಂತ ಜಾಸ್ತಿ ಕಲಿಯುತ್ತೀರಿ. ಗಾಜಿನ ಹಿಂದೆ ನೋಡಿದರೆ ತಳ ಕಾಣುವುದೇ ಇಲ್ಲ.

ಪ್ರಶ್ನೆ (ಅದೇ ಸದಸ್ಯ):
ಸರಿ ಮೇಡಂ, 4,000ಕ್ಕೆ ಕೇಳುತ್ತೇನೆ. ಊರಿಗೆ ತಂದು ಅಮ್ಮನ ಶೋಕೇಸಿನಲ್ಲಿ ಇಡಬಹುದಾ?

ಉತ್ತರ:
ಕೇಳಿ. ಆದರೆ ರಸೀದಿಯಲ್ಲಿ "ಚೆಂಗ್‌ಹ್ವಾ ಮುದ್ರೆ, ಗುವಾಂಗ್ಷು ಕಾಲ, ಬಾಯಲ್ಲಿ ಬಿರುಕು" ಎಂದು ಬರೆಸಿಕೊಳ್ಳಿ. ಸುಮ್ನೆ "ಹಳೆಯ ನೀಲಿ ಬಟ್ಟಲು" ಎಂದು ಗೀಚಿ ಕೊಟ್ಟರೆ ದುಡ್ಡು ತೆಗೆಯಬೇಡಿ.

ಊರಿನ ವಿಷಯಕ್ಕೆ ಸ್ವಲ್ಪ ಯೋಚಿಸಿ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ತಂದಿಟ್ಟು, ಮುಂದೆ ಮತ್ತೆ ಹಾಂಗ್‌ಕಾಂಗ್‌ಗೆ ಒಯ್ದು ಮಾರುತ್ತೇನೆ ಎಂದರೆ ತಲೆನೋವು. ಅಮ್ಮನ ಶೋಕೇಸಿನಲ್ಲೇ ಇರುವುದಾದರೆ ತನ್ನಿ, ಸುಂಕದವರಿಗೆ ತೋರಿಸಲು ರಸೀದಿ ಕೈಯಲ್ಲಿರಲಿ. ಬಟ್ಟಲನ್ನು ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ತನ್ನಿ. ಆ ಬಿರುಕು ಒಂದು ಏಟಿಗೆ ತಳದವರೆಗೆ ಓಡುತ್ತದೆ.