ಪಾಲ್ ಕ್ಲೀ ಅವರ ‘ಸೆನೆಸಿಯೊ’ ನೋಡಿ ಪೇಂಟಿಂಗ್ ಕಲಿಯೋದು: ಟೇಪ್ ಬೇಕೋ, ಬ್ಯಾಡೋ?

ಹೊಸಕುಂಚ, ಹುಬ್ಬಳ್ಳಿ:
ಅಕ್ರಿಲಿಕ್ (ನೀರಿನಾಗ ಕಲಸಿ ಹಚ್ಚೋ ಬಣ್ಣ) ಕಲಿಯಾಕ ಚಿತ್ರಕಾರ ಪಾಲ್ ಕ್ಲೀ ಅವರ ‘ಸೆನೆಸಿಯೊ’ (1922) ಅನ್ನೋ ಚಿತ್ರ ಆರಿಸಿಕೊಂಡೀನಿ. ದುಂಡು ಮುಖ, ಅದರೊಳಗ ಹಳದಿ, ಕಿತ್ತಳೆ, ಗುಲಾಬಿ, ಬಿಳಿ ಮನಿಗಳು (ಬಣ್ಣದ ತುಂಡುಗಳು), ಕೆಂಪು ಕಣ್ಣು. ತೊಡಕು ಮೂರು. ಅಂಚು ನೆಟ್ಟಗ ಬರಲಿ ಅಂತ ಅಂಟಿಸಿದ ಮಾಸ್ಕಿಂಗ್ ಟೇಪ್ ಕಿತ್ತಾಗ ಬಣ್ಣ ಪಕ್ಕದ ಮನಿಗೆ ಸೋರಿರ್ತೈತಿ. ಹಳದಿ ಎಷ್ಟು ಹಚ್ಚಿದ್ರೂ ಕುಂಚದ ಗೆರಿ ಹೋಗಂಗಿಲ್ಲ. ಮುಖ ಹಿನ್ನೆಲೆಯೊಳಗ ಮುಳುಗಿದಂಗ ಕಾಣ್ತೈತಿ. 12×12 ಇಂಚಿನ ಕ್ಯಾನ್ವಾಸ್ ಬೋರ್ಡ್, ವಿದ್ಯಾರ್ಥಿ ದರ್ಜೆಯ ಬಣ್ಣ. ಬಲ್ಲವರು ಹೇಳ್ರಿ.

ಗೆರೆಗಾರ, ಧಾರವಾಡ:
ಮೊದಲು ಅಳತಿ ನೋಡ್ರಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಕುನ್ಸ್ಟ್‌ಮ್ಯೂಸಿಯಂ ಅನ್ನೋ ಕಲಾ ಸಂಗ್ರಹಾಲಯದಾಗಿರೋ ಮೂಲ ಚಿತ್ರ ಸುಮಾರು 40 ಸೆಂ.ಮೀ. ಎತ್ತರ, ಅಗಲ ಎರಡ್ಮೂರು ಸೆಂ.ಮೀ. ಕಡಿಮಿ. ನಿಮ್ಮ ಬೋರ್ಡ್ ಚೌಕ. ಪೂರ್ತಿ ತುಂಬಿಸಿದ್ರ ಮುಖ ಅಡ್ಡ ಊದ್ತೈತಿ. 30×28 ಸೆಂ.ಮೀ. ಚೌಕಟ್ಟು ಹಾಕಿ, ಉಳಿದದ್ದು ಬದಿಗೆ ಬಿಡ್ರಿ. ನೀವು ನೋಡಿ ಬರೆಯೋ ಚಿತ್ರದ ಪ್ರಿಂಟ್ ಮ್ಯಾಲೂ ಬೋರ್ಡ್ ಮ್ಯಾಲೂ ಎತ್ತರ 10, ಅಗಲ 10 ಸಮಭಾಗ ಮಾಡಿ ಗೆರಿ ಎಳೀರಿ. ದುಂಡು ಮುಖ ಎಳೆಯಾಕ ಕೈವಾರದ ಮೊನಿ ಊರೋ ಜಾಗಕ್ಕ ರಟ್ಟಿನ ತುಂಡು ಅಂಟಸ್ರಿ, ಇಲ್ಲಂದ್ರ ಮುಖದ ನಡುವ ತೂತು ಬೀಳ್ತೈತಿ. ಕಪ್ಪು ಪೆನ್ಸಿಲ್ ಹಳದಿಯೊಳಗಿಂದ ಇಣುಕ್ತೈತಿ. ಎಳೆದಾದ ಮ್ಯಾಲೆ ರಬ್ಬರಿನಿಂದ ಅರ್ಧ ಅಳಿಸಿಬಿಡ್ರಿ.

ಬಣ್ಣ ಸೋರೋದ್ಯಾಕಂದ್ರ, ಕ್ಯಾನ್ವಾಸಿನ ನೇಯ್ಗಿಯ ತಗ್ಗಿನೊಳಗ ಟೇಪ್ ಕೂಡಂಗಿಲ್ಲ. ಅಂಚನ್ನ ಚಮಚದ ಬೆನ್ನಿಲೆ ತಿಕ್ಕಿ, ಕೆಳಗ ಯಾವ ಬಣ್ಣ ಐತೋ ಅದನ್ನ ಮೊದಲು ಅಂಚಿಗುಂಟ ಹಚ್ರಿ. ಸಂದಿ ಅದರಿಂದ ಮುಚ್ಚತೈತಿ. ಒಣಗಿದ ಮ್ಯಾಲೆ ಹೊಸ ಬಣ್ಣ. ಅದು ಕೈಗೆ ಅಂಟದಷ್ಟು ಒಣಗಿದ ಕೂಡ್ಲೇ ಟೇಪನ್ನ ಹಿಂದಕ್ಕ ಮಡಚಿ, ಓರಿಯಾಗಿ, ನಿಧಾನ ಎಳೀರಿ. ಕೆಳಗಿನ ಪದರ ಒಂದು ದಿನವಾದ್ರೂ ಒಣಗಿರಬೇಕು, ಹಸಿ ಇದ್ರ ಟೇಪಿನ ಜೋಡಿ ಅದೂ ಎದ್ದು ಬರ್ತೈತಿ.

ಬಣ್ಣದಂಗಡಿ, ಗದಗ:
ಮ್ಯಾಲಿನವರ ಅಳತಿ ಸರಿ ಐತಿ, ಆದ್ರ ಈ ಚಿತ್ರಕ್ಕ ಟೇಪ್ ಒಪ್ಪಂಗಿಲ್ಲ. ಕ್ಲೀ ಇದನ್ನ ಸೀಮೆಸುಣ್ಣದ ತಳ ಹಚ್ಚಿದ ಜಾಳು ಬಟ್ಟಿ ಮ್ಯಾಲೆ ಎಣ್ಣೆಬಣ್ಣದಾಗ ಬರದಾರ. ಅಂಚು ಮೆತ್ತಗ ಅದಾವ, ಒಂದು ಮನಿ ಇನ್ನೊಂದಕ್ಕ ಉಸಿರು ಬಿಟ್ಟಂಗ. ಟೇಪಿನ ಗೆರಿ ಆ ಜೀವ ತೆಗೀತೈತಿ. 6 ನಂಬರಿನ ಚಪ್ಪಟಿ ಕುಂಚ ತಗೊಂಡು, ಅಂಚಿನಿಂದ ಎರಡು ಮಿ.ಮೀ. ಒಳಗ ಶುರು ಮಾಡಿ ಬಣ್ಣಾನ ಗೆರಿ ಕಡೆ ನೂಕ್ರಿ. ಕೈ ನಡುಗಿದ್ರೂ ನಡೀತೈತಿ.

ಹಳದಿ ಗೆರಿಗೆ ಕಾರಣ ಅದರ ಪಾರದರ್ಶಕತೆ. ಅಡಿಯೊಳಗ ಬಿಳಿಗೆ ಚೂರು ಹಳದಿ ಕೂಡಿಸಿದ ಒಂದು ಪದರ, ಮ್ಯಾಲೆ ತೆಳ್ಳಗ ಎರಡು ಹಳದಿ, ಒಂದು ಅಡ್ಡ, ಒಂದು ಉದ್ದ. ಅರೆ ಒಣಗಿದ್ದರ ಮ್ಯಾಲೆ ಕುಂಚ ಆಡಸಬ್ಯಾಡ್ರಿ, ಕಿತ್ತು ಬರ್ತೈತಿ.

ಇನ್ನ ಮುಖ ಮುಳುಗೋದು. ಅಸಲು ಕಲಿಕಿ ಇಲ್ಲೇ ಐತಿ. ಟ್ಯೂಬಿನ ಕಿತ್ತಳೆ ಹಂಗ ಹಿನ್ನೆಲೆಗೆ ಹಚ್ಚಿದ್ರ ಅದು ಮುಖಕ್ಕಿಂತ ಜೋರಾಗ್ತೈತಿ. ಹಳದಿ 8 ಪಾಲಿಗೆ ಕೆಂಪು 1 ಪಾಲಿನಿಂದ ಶುರು ಮಾಡ್ರಿ. ಯಾವಾಗಲೂ ಹಳದಿಗೆ ಕೆಂಪು ಹಾಕ್ರಿ, ಕೆಂಪಿಗೆ ಹಳದಿ ಅಲ್ಲ. ಕೆಂಪು ಭಾಳ ಜಬರು, ಹಳದಿ ಸುರಿದಷ್ಟೂ ಸಾಲಂಗಿಲ್ಲ. ಈ ಒಂದ ಕಿತ್ತಳೆಯ ಮೂರು ಗುಡ್ಡಿ ಮಾಡಿ: ಒಂದಕ್ಕ ಬಿಳಿ, ಒಂದಕ್ಕ ಇನ್ನಷ್ಟು ಕೆಂಪು, ಹಿನ್ನೆಲೆದಕ್ಕ ಬರ್ಂಟ್ ಸಿಯೆನ್ನಾ (ಕೆಂಗಂದು ಬಣ್ಣ) ಚೂರು. ಮಂದ ಮಾಡಾಕ ಕಪ್ಪು ಹಾಕಬ್ಯಾಡ್ರಿ, ಹಳದಿ ಹಸಿರಿಗೆ ತಿರಗ್ತೈತಿ. ಒಣಗಿದ ಮ್ಯಾಲೆ ಅಕ್ರಿಲಿಕ್ ಒಂದಿಷ್ಟು ಗಾಢ ಆಗ್ತೈತಿ, ಹಂಗಾಗಿ ಕಾಗದದ ತುಂಡಿಗೆ ಹಚ್ಚಿ ಒಣಗಿಸಿ ನೋಡ್ರಿ. ಆ ತುಂಡುಗಳನ್ನ ಪ್ರಿಂಟಿನ ಪಕ್ಕ ಇಟ್ಟು ಮೊಬೈಲ್‌ನಾಗ ಕಪ್ಪು-ಬಿಳಿ ಫೋಟೋ ತಗೋರಿ. ಹಿನ್ನೆಲೆ, ಮುಖ ಎರಡೂ ಒಂದ ಬೂದು ಕಂಡ್ರ ಬೋರ್ಡಿಗೆ ಹೋಗಬ್ಯಾಡ್ರಿ.

ಹೊಸಕುಂಚ, ಹುಬ್ಬಳ್ಳಿ:
ಭಾಳ ಉಪಕಾರ ಆತ್ರಿ. ಇನ್ನೊಂದು: ಬ್ಯಾಸಗ್ಯಾಗ ಕಲಸಿದ ಬಣ್ಣ ತಾಟಿನ್ಯಾಗ ಒಣಗ್ತೈತಿ. ನೀರು ಹಾಕ್ಲ್ಯಾ?

ಗೆರೆಗಾರ, ಧಾರವಾಡ:
ನೀರು ಕೂಡಿಸಿದ್ರ ಪದರ ತೆಳ್ಳಗಾಗಿ ಮತ್ತ ಗೆರಿ ಬೀಳ್ತಾವ. ತಾಟಿನ್ಯಾಗ ಒದ್ದಿ ಟಿಶ್ಯೂ ನಾಲ್ಕು ಪದರ, ಮ್ಯಾಲೆ ಬಟರ್ ಪೇಪರ್ ಹಾಸಿ ಅದರ ಮ್ಯಾಲೆ ಕಲಸ್ರಿ, ಬಿಟ್ಟಾಗ ಮುಚ್ಚಿಡ್ರಿ. ಫ್ಯಾನ್ ಬಂದ್ ಮಾಡ್ರಿ. ಮತ್ತ ಗದಗದವರು ಹೇಳಿದ್ದು ಒಪ್ಪಿದೆ, ಟೇಪ್ ಹೊರ ಚೌಕಟ್ಟಿಗೆ ಅಷ್ಟ ಇರಲಿ.