ತುಮಕೂರಿನ ಹೊಸ ಬಡಾವಣೆಗಳು ಒಂದಕ್ಕೊಂದು ಕೂಡುತ್ತಿಲ್ಲವೇಕೆ?

ಪ್ರಶ್ನೆ (ಗುಬ್ಬಿ ಗೇಟ್ ಕಡೆಯ ನಿವಾಸಿ)

ಚಿಕ್ಕಪೇಟೆಯ ಹಳೆಯ ಬೀದಿಗಳು ಇಕ್ಕಟ್ಟಾಗಿದ್ದರೂ ಒಂದನ್ನು ಅಗೆದು ಮುಚ್ಚಿದರೆ ಮತ್ತೊಂದರಲ್ಲಿ ನುಸುಳಿ ಹೋಗಬಹುದು. ರಿಂಗ್ ರಸ್ತೆಯಾಚೆಗಿನ ನಮ್ಮ ಬಡಾವಣೆಯಲ್ಲಿ ಅಡ್ಡರಸ್ತೆಗಳು ಅಗಲವಾಗಿ, ನೇರವಾಗಿ ಇವೆ; ಆದರೆ ಎಲ್ಲವೂ ಪಕ್ಕದ ಬಡಾವಣೆಯ ಕಾಂಪೌಂಡಿಗೆ ಹೋಗಿ ನಿಲ್ಲುತ್ತವೆ. ಗೋಡೆಯಾಚೆ ಕಣ್ಣಿಗೆ ಕಾಣುವ ಶಾಲೆಗೆ ಮಕ್ಕಳು ಮುಖ್ಯರಸ್ತೆಗೆ ಇಳಿದು, ಲಾರಿಗಳ ಪಕ್ಕದಲ್ಲೇ ಸುತ್ತಿಕೊಂಡು ಹೋಗಬೇಕಾಗಿದೆ. ಊರು ಬೆಳೆದಾಗ ಹೀಗಾಗುವುದು ಅನಿವಾರ್ಯವೇ?

ಉತ್ತರ 1 (ನಗರ ಯೋಜನೆಯ ವಿದ್ಯಾರ್ಥಿನಿ)

ಅನಿವಾರ್ಯವಲ್ಲ, ಆದರೆ ಜಗತ್ತಿನ ಬಹುಪಾಲು ಕಡೆ ಹೀಗೆಯೇ ಆಗಿದೆ. ರಸ್ತೆಗಳು ಕೂಡುವ ಜಾಗದಿಂದ ಎಷ್ಟು ಕವಲು ಹೊರಡುತ್ತವೆ ಎಂದು ಎಣಿಸುವುದು ಒಂದು ಅಳತೆ: ಚೌಕಕ್ಕೆ 4, ಮೂರು ದಾರಿ ಕೂಡುವಲ್ಲಿ 3, ಡೆಡ್ ಎಂಡ್‌ಗೆ 1. ಈ ಸರಾಸರಿ ಇಳಿದಷ್ಟೂ ನಡಿಗೆ ದೂರವಾಗುತ್ತದೆ, ಗಾಡಿಯಿಲ್ಲದೆ ಆಗುವುದಿಲ್ಲ ಎನ್ನುವ ಸ್ಥಿತಿ ಬರುತ್ತದೆ. ಬ್ಯಾರಿಂಗ್ಟನ್-ಲೀ ಮತ್ತು ಮಿಲಾರ್ಡ್-ಬಾಲ್ ಎಂಬ ಸಂಶೋಧಕರು ಜನರೇ ಸೇರಿ ಅಂತರ್ಜಾಲದಲ್ಲಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗಳನ್ನು ಬಳಸಿ, 1975ರಿಂದೀಚೆಗೆ ಹೊಸದಾಗಿ ಬೆಳೆದ ನಗರಭಾಗಗಳಲ್ಲಿ ರಸ್ತೆಗಳ ಕೂಡುವಿಕೆ ಕುಗ್ಗುತ್ತಲೇ ಬಂದಿದೆ ಎಂದು 2020ರಲ್ಲಿ ತೋರಿಸಿದರು. ಆದರೆ ಅಮೆರಿಕದಲ್ಲಿ 1990ರ ದಶಕದ ನಡುವಿನಿಂದ ಹೊಸ ರಸ್ತೆಗಳಲ್ಲಿ ಈ ಓಟ ಹಿಂದಕ್ಕೆ ತಿರುಗಿದೆ. ಮನೆಯನ್ನು ಕೆಡವಿ ಕಟ್ಟಬಹುದು, ಬೀದಿಯ ಗೆರೆ ತಲೆಮಾರುಗಳವರೆಗೆ ಕದಲುವುದಿಲ್ಲ. ಆದ್ದರಿಂದ ಮೊದಲ ನಕ್ಷೆಯ ಹಂತದಲ್ಲೇ ಎಚ್ಚರ ಬೇಕು.

ಉತ್ತರ 2 (ನಿವೃತ್ತ ಭೂಮಾಪಕ)

ನಮ್ಮಲ್ಲಿ ಕಾರಣ ಇನ್ನೂ ಸರಳ. ರಾಗಿ ಹೊಲವೋ ತೆಂಗಿನ ತೋಟವೋ ಒಂದೊಂದು ಸರ್ವೆ ನಂಬರಾಗಿ ಭೂಪರಿವರ್ತನೆಯಾಗುತ್ತದೆ, ಪ್ರತಿಯೊಬ್ಬರೂ ತಮ್ಮ ಬಾಂದುಕಲ್ಲಿನೊಳಗೆ ಹೆಚ್ಚು ನಿವೇಶನ ಸಿಗುವಂತೆ ನಕ್ಷೆ ಬರೆಸುತ್ತಾರೆ. ಒಬ್ಬರ ರಸ್ತೆಯ ತುದಿ ಇನ್ನೊಬ್ಬರ ಸೈಟಿನ ನಡುವಿಗೆ ಬರುತ್ತದೆ. ಅನುಮೋದನೆ ಕೊಡುವಾಗಲೇ ಮುಂದಿನ ಬಡಾವಣೆಯ ರಸ್ತೆ ಇಲ್ಲಿಂದಲೇ ಹೊರಡಬೇಕೆಂದು ಗುರುತಿಸಿದ್ದರೆ ಈ ಗೋಡೆ ಏಳುತ್ತಿರಲಿಲ್ಲ. ನೀವು ಗ್ರಾಮ ನಕಾಶೆಯ ಪ್ರತಿ ಪಡೆದು ನೋಡಿ. ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ ಇರುತ್ತದೆ. ಅಂಥ ದಾರಿ ಆ ಗೋಡೆಯಡಿ ಹಾದಿದ್ದರೆ, ನಕಾಶೆಯನ್ನು ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ಇಲ್ಲದಿದ್ದರೆ ಎರಡೂ ಬಡಾವಣೆಯವರು ಕೂತು ಮಾತಾಡಿಯೇ ಬಗೆಹರಿಸಬೇಕು.

ಉತ್ತರ 3 (ಕ್ಯಾತ್ಸಂದ್ರ ನಿವಾಸಿ)

ಗೋಡೆಯ ಆಚೆ ಇರುವವರ ಮಾತನ್ನೂ ಕೇಳಬೇಕು, ಸರ್. ದಾರಿ ತೆರೆದರೆ ಮುಖ್ಯರಸ್ತೆಯ ವಾಹನಗಳೆಲ್ಲ ಮನೆಮುಂದೆ ಹರಿಯುತ್ತವೆ ಎಂಬ ಅವರ ಭಯ ಸುಳ್ಳಲ್ಲ. ಹಾಗಾಗಿ ಪೂರ್ತಿ ರಸ್ತೆಯನ್ನು ಕೇಳುವ ಮೊದಲು, ಎರಡು ಕಲ್ಲುಕಂಬ ನೆಟ್ಟು ಮಕ್ಕಳು ಮತ್ತು ಸೈಕಲ್ ಮಾತ್ರ ದಾಟುವಷ್ಟು ಕಿಂಡಿ ಬಿಡಿಸಿಕೊಳ್ಳಿ. ಅದಕ್ಕೆ ಒಪ್ಪಿಗೆ ಸಿಗುವುದು ಸುಲಭ, ಶಾಲೆಯ ದೂರವೂ ಅಷ್ಟರಿಂದಲೇ ಕಡಿಮೆಯಾಗುತ್ತದೆ.