ಆರು ಟ್ಯಾಬ್‌ಗಳ ವಿವರ ವಿಂಡೋ, ಏರುತ್ತಲೇ ಹೋಗುವ ಮೆಮೊರಿ: ಎಲ್ಲಿ ಹಿಡಿಯಬೇಕು?

ಪ್ರಶ್ನೆ
ನನ್ನ ಪ್ರೋಗ್ರಾಂ: ಸಿ ಶಾರ್ಪ್ ಭಾಷೆ, ವಿನ್‌ಫಾರ್ಮ್ಸ್ (ವಿಂಡೋಸ್ ಪರದೆಗಳನ್ನು ಕಟ್ಟುವ ಲೈಬ್ರರಿ), ಎಸ್‌ಕ್ಯೂಲೈಟ್ (ಫೈಲಿನಲ್ಲಿರುವ ಡೇಟಾಬೇಸ್). ಗ್ರಾಹಕರ ಪಟ್ಟಿಯಲ್ಲಿ 1.2 ಲಕ್ಷ ಸಾಲು. ಡಬಲ್ ಕ್ಲಿಕ್ ಮಾಡಿದರೆ ವಿವರದ ವಿಂಡೋ. ಅದರಲ್ಲಿ ಆರ್ಡರ್, ಪಾವತಿ, ದಾಖಲೆ, ಫೋಟೊ, ಟಿಪ್ಪಣಿ, ಇತಿಹಾಸ ಎಂದು ಆರು ಟ್ಯಾಬ್. ತೆರೆದ ಕೂಡಲೇ ಆರಕ್ಕೂ ಡೇಟಾಟೇಬಲ್ (ಮೆಮೊರಿಯಲ್ಲಿರುವ ಕೋಷ್ಟಕ) ತುಂಬಿಸುತ್ತೇನೆ. ಗ್ರಾಹಕ ಬದಲಾದಾಗ ಪ್ಯಾನೆಲ್ ಖಾಲಿ ಮಾಡಿ ಕಂಟ್ರೋಲ್‌ಗಳನ್ನು (ಬಟನ್, ಪಟ್ಟಿಯಂಥ ಭಾಗಗಳನ್ನು) ಹೊಸದಾಗಿ ಕಟ್ಟುತ್ತೇನೆ. ಸಂಜೆ ಹೊತ್ತಿಗೆ ಮೆಮೊರಿ 900 ಎಂಬಿ ದಾಟುತ್ತದೆ, ವಿಂಡೋ ಮುಚ್ಚಿದರೂ ಇಳಿಯುವುದಿಲ್ಲ. ಕೊನೆಗೆ ವಿಂಡೋ ಹ್ಯಾಂಡಲ್ (ವಿಂಡೋ, ಕಂಟ್ರೋಲ್‌ಗಳಿಗೆ ವಿಂಡೋಸ್ ಕೊಡುವ ಗುರುತು) ರಚಿಸಲಾಗಲಿಲ್ಲ ಎಂಬ ದೋಷ. ಬಳಕೆಯಲ್ಲಿಲ್ಲದ ಮೆಮೊರಿ ಬಿಡಿಸುವ ಜಿಸಿ ಕಲೆಕ್ಟ್ ಕರೆದರೂ ಪ್ರಯೋಜನವಿಲ್ಲ.

ಉತ್ತರ 1
ಇಲ್ಲಿ ಎರಡು ರೋಗ ಬೆರೆತಿವೆ: ಸೋರಿಕೆ ಒಂದು, ಬೇಡದ್ದನ್ನು ಹೊತ್ತುಕೊಂಡಿರುವುದು ಇನ್ನೊಂದು. ಮೊದಲು ಸೋರಿಕೆ ನೋಡಿ.

ಪ್ಯಾನೆಲ್ ಖಾಲಿ ಮಾಡುವ ಕಂಟ್ರೋಲ್ಸ್ ಕ್ಲಿಯರ್ ಕರೆದರೆ ಕಂಟ್ರೋಲ್‌ಗಳು ಪ್ಯಾನೆಲ್‌ನಿಂದ ಹೊರಬೀಳುತ್ತವೆ, ಅಷ್ಟೇ. ಹ್ಯಾಂಡಲ್ ಕಾಣದ ಇನ್ನೊಂದು ವಿಂಡೋದಡಿ ಜೀವಂತವಾಗಿರುತ್ತದೆ. ವಿಂಡೋಸ್‌ನಲ್ಲಿ ಒಂದು ಪ್ರೊಸೆಸ್‌ಗೆ ಯೂಸರ್ ಆಬ್ಜೆಕ್ಟ್‌ಗಳ (ವಿಂಡೋ, ಮೆನುಗಳಂಥವುಗಳ) ಡೀಫಾಲ್ಟ್ ಮಿತಿ 10,000. ನಿಮ್ಮ ದೋಷ ಅಲ್ಲಿಂದಲೇ ಬಂದಿರಬೇಕು. ಪ್ರತಿ ಕಂಟ್ರೋಲ್‌ಗೂ ಡಿಸ್ಪೋಸ್ (ಹಿಡಿದದ್ದನ್ನು ಬಿಡಿಸುವ ಆದೇಶ) ಕರೆಯಿರಿ, ಅದೂ ಪಟ್ಟಿಯ ಕೊನೆಯಿಂದ ಹಿಂದಕ್ಕೆ. ಮುಂದಕ್ಕೆ ಹೋದರೆ ಡಿಸ್ಪೋಸ್ ಆದದ್ದು ಪಟ್ಟಿಯಿಂದ ಜಾರಿ, ಅರ್ಧದಷ್ಟು ತಪ್ಪಿಹೋಗುತ್ತವೆ. ಕಟ್ಟಿ ಒಡೆಯುವ ಬದಲು ಅದೇ ಕಂಟ್ರೋಲ್‌ಗೆ ಹೊಸ ಡೇಟಾ ಕೊಡುವುದೇ ಮೇಲು.

ಶೋಡೈಲಾಗ್‌ನಿಂದ ತೆರೆದ ಫಾರ್ಮ್ (ವಿನ್‌ಫಾರ್ಮ್ಸ್‌ನ ವಿಂಡೋ) ಮುಚ್ಚಿದಾಗ ಬರೀ ಮರೆಯಾಗುತ್ತದೆ. ಅದನ್ನು ಯೂಸಿಂಗ್ ಬ್ಲಾಕ್‌ನಲ್ಲಿಡಿ, ಮುಗಿದೊಡನೆ ಡಿಸ್ಪೋಸ್ ತಾನಾಗಿ ಆಗುತ್ತದೆ. ಸ್ಟ್ಯಾಟಿಕ್ ಈವೆಂಟ್‌ಗೆ (ಪ್ರೋಗ್ರಾಂ ಮುಗಿಯುವವರೆಗೂ ಉಳಿಯುವ ಸೂಚನೆಗೆ) ವಿವರ ವಿಂಡೋ ಚಂದಾದಾರನಾಗಿದ್ದರೆ ಮುಚ್ಚುವಾಗ ಬಿಡಿಸಲೇಬೇಕು. ಇಲ್ಲದಿದ್ದರೆ ಆ ಈವೆಂಟ್ ಇಡೀ ಫಾರ್ಮನ್ನು ಹಿಡಿದುಕೊಂಡಿರುತ್ತದೆ, ಜಿಸಿ ಕಲೆಕ್ಟ್ ನೂರು ಸಲ ಕರೆದರೂ ಅಷ್ಟೇ.

ಪರೀಕ್ಷೆ: ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಯೂಸರ್ ಆಬ್ಜೆಕ್ಟ್ಸ್, ಜಿಡಿಐ ಆಬ್ಜೆಕ್ಟ್ಸ್ (ಫಾಂಟ್, ಬ್ರಷ್‌ನಂಥ ಚಿತ್ರಣ ಸಾಮಗ್ರಿ) ಕಾಲಂ ಸೇರಿಸಿ, ಒಂದೇ ವಿಂಡೋವನ್ನು 50 ಸಲ ತೆರೆದು ಮುಚ್ಚಿ. ಅಂಕಿ ಮೊದಲಿದ್ದಲ್ಲಿಗೆ ಮರಳಬೇಕು.

ಉತ್ತರ 2
900 ಎಂಬಿಯ ಬಹುಪಾಲು ಫೋಟೊ ಟ್ಯಾಬಿನದ್ದೇ ಎನಿಸುತ್ತದೆ. 4000×3000 ಪಿಕ್ಸೆಲ್ ಚಿತ್ರ ಡಿಸ್ಕಿನಲ್ಲಿ 3 ಎಂಬಿ ಇರಬಹುದು. ಬಿಚ್ಚಿದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ. ಇಪ್ಪತ್ತು ಚಿತ್ರಕ್ಕೆ 960. 200×150 ಥಂಬ್‌ನೇಲ್ ಆದರೆ ಒಂದಕ್ಕೆ 120 ಕೆಬಿ. ಉಳಿಸುವಾಗಲೇ ಥಂಬ್‌ನೇಲ್ ಮಾಡಿಡಿ. ಮೂಲ ಚಿತ್ರದ ಬ್ಲಾಬ್ (ಡೇಟಾಬೇಸಿನಲ್ಲಿಟ್ಟ ಕಚ್ಚಾ ಬೈಟ್‌ಗಳು) ಬೇರೆ ಟೇಬಲ್‌ನಲ್ಲಿರಲಿ, ಕ್ಲಿಕ್ ಮಾಡಿದಾಗ ಮಾತ್ರ ಓದಿ. ಚಿತ್ರ ತೋರಿಸುವ ಪಿಕ್ಚರ್‌ಬಾಕ್ಸ್‌ಗೆ ಹೊಸ ಚಿತ್ರ ಕೊಟ್ಟರೆ ಹಳೆಯದು ತಾನಾಗಿ ಬಿಡುಗಡೆಯಾಗದು, ಅದಕ್ಕೂ ಡಿಸ್ಪೋಸ್ ಬೇಕು.

ಉಳಿದ ಟ್ಯಾಬ್‌ಗಳು: ಕಾಣುತ್ತಿರುವ ಟ್ಯಾಬ್ ಒಂದನ್ನೇ ತುಂಬಿಸಿ. ಗ್ರಾಹಕ ಬದಲಾದಾಗ ಮಿಕ್ಕವಕ್ಕೆ 'ಹಳತಾಗಿದೆ' ಎಂಬ ಗುರುತು ಹಾಕಿ, ತೆರೆದಾಗ ಓದಿ. ಬಾಣದ ಕೀ ಒತ್ತಿ ಪಟ್ಟಿಯಲ್ಲಿ ಓಡುವವರಿಗಾಗಿ 200 ಮಿಲಿಸೆಕೆಂಡ್ ತಡೆದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಕಳಿಸಿ. ಹಾಗೆಯೇ, ಎಸ್‌ಕ್ಯೂಲೈಟ್ ಫಾರಿನ್ ಕೀ ಕಾಲಂಗೆ (ಬೇರೆ ಟೇಬಲ್‌ನ ಸಾಲನ್ನು ತೋರುವ ಕಾಲಂಗೆ) ತಾನಾಗಿ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಮಾಡುವುದಿಲ್ಲ. ಕ್ವೆರಿ ಹೇಗೆ ನಡೆಯುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್‌ನಲ್ಲಿ ವಿವರ ಟೇಬಲ್‌ಗೆ 'ಸ್ಕ್ಯಾನ್' (ಇಡೀ ಟೇಬಲ್ ಓದುವುದು) ಎಂದು ಬಂದರೆ ಇಂಡೆಕ್ಸ್ ಸೇರಿಸಿ, 'ಸರ್ಚ್' ಬರಬೇಕು.

ಪ್ರಶ್ನೆ ಕೇಳಿದವರು
ಪ್ಯಾನೆಲ್ ಸರಿಪಡಿಸಿದೆ, ಯೂಸರ್ ಆಬ್ಜೆಕ್ಟ್ ಈಗ ನಿಂತಲ್ಲೇ ನಿಂತಿದೆ. ಮುಖ್ಯ ಪಟ್ಟಿಯ 1.2 ಲಕ್ಷ ಸಾಲಿಗೆ ಏನು ಮಾಡಲಿ? ಲಿಮಿಟ್ (ಎಷ್ಟು ಸಾಲು ಬೇಕು), ಆಫ್‌ಸೆಟ್ (ಎಷ್ಟು ಸಾಲು ಬಿಡಬೇಕು) ಹಾಕಿದರೆ ಕೆಳಗೆ ಹೋದಷ್ಟೂ ನಿಧಾನ.

ಉತ್ತರ 3
ಆಫ್‌ಸೆಟ್ ಬಿಟ್ಟ ಸಾಲುಗಳನ್ನೂ ದಾಟಿಕೊಂಡೇ ಹೋಗಬೇಕು, ಅದಕ್ಕೇ ನಿಧಾನ. ಬೇಕಾದ ಕ್ರಮದಲ್ಲಿ ಐಡಿಗಳನ್ನಷ್ಟೇ ಒಂದು ಅರೇಗೆ ಓದಿ: 1.2 ಲಕ್ಷ × 8 ಬೈಟ್, 1 ಎಂಬಿಯೂ ಆಗದು. ಪಟ್ಟಿ ತೋರಿಸುವ ಡೇಟಾಗ್ರಿಡ್‌ವ್ಯೂ ವರ್ಚುವಲ್ ಮೋಡ್‌ನಲ್ಲಿರಲಿ (ಬೇಕಾದ ಸೆಲ್ಲಿನ ಮೌಲ್ಯವನ್ನಷ್ಟೇ ಅದು ನಿಮ್ಮನ್ನು ಕೇಳುತ್ತದೆ), ಸಾಲುಗಳ ಎಣಿಕೆಯಾದ ರೋಕೌಂಟ್‌ಗೆ ಅರೇಯ ಉದ್ದ ಕೊಡಿ. ಸೆಲ್‌ವ್ಯಾಲ್ಯೂನೀಡೆಡ್ ಈವೆಂಟ್ ಮೌಲ್ಯ ಕೇಳಿದಾಗ ಆ ಸಾಲಿರುವ 200 ಐಡಿಗಳ ಪುಟ ತನ್ನಿ, ಇತ್ತೀಚಿನ ಐದು ಪುಟ ಇಟ್ಟುಕೊಂಡು ಹಳೆಯದನ್ನು ಬಿಡಿ. ಸೆಲ್ಲಿಗೊಂದು ಕ್ವೆರಿ ಮಾತ್ರ ಬೇಡವೇ ಬೇಡ. ಕ್ರಮ ಬದಲಿಸಿದರೆ ಐಡಿ ಅರೇ ಮತ್ತೆ ಓದಿ ಪುಟಗಳನ್ನು ಎಸೆದರಾಯಿತು. ಗ್ರಿಡ್‌ನ ಆಟೊಸೈಜ್ (ಅಗಲ, ಎತ್ತರ ತಾನಾಗಿ ಹೊಂದಿಸುವುದು) ಆಫ್ ಇರಲಿ. ಎಲ್ಲ ಸಾಲನ್ನೂ ಅಳೆಯುವ ಬಗೆಯಲ್ಲಿಟ್ಟರೆ ಅದು ಪ್ರತಿ ಸಾಲನ್ನೂ ಕೇಳಿ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಇನ್ನೊಂದು: ಓದಿ ಮುಗಿದ ಡೇಟಾರೀಡರ್ (ಕ್ವೆರಿಯ ಸಾಲುಗಳನ್ನು ಒಂದೊಂದಾಗಿ ಓದುವ ವಸ್ತು) ಮುಚ್ಚಿ. ಬದಲಾವಣೆಗಳನ್ನು ಮೊದಲು ಪಕ್ಕದ ಫೈಲಿಗೆ ಬರೆಯುವ ವಾಲ್ (WAL) ಮೋಡ್‌ನಲ್ಲಿ ತೆರೆದೇ ಉಳಿದ ರೀಡರ್ ಇದ್ದರೆ ಚೆಕ್‌ಪಾಯಿಂಟ್ (ಅವನ್ನು ಮುಖ್ಯ ಫೈಲಿಗೆ ಸೇರಿಸುವ ಕೆಲಸ) ಪೂರ್ತಿಯಾಗದೆ ವಾಲ್ ಫೈಲ್ ಬೆಳೆಯುತ್ತಲೇ ಹೋಗುತ್ತದೆ.